ಓಡುವ ಮನೆಗೆ ಚಿಲಕ

1885ರ ಬೇಸಿಗೆ. ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯ ಟ್ವೈಫರ್ಡ್ ಎಂಬ ಊರಿನಿಂದ, ಜನ ಹಿಂದೆಂದೂ ಕಾಣದಂಥ ಬಂಡಿಯೊಂದು ಉತ್ತರದ ದಾರಿ ಹಿಡಿಯಿತು. ಎಳೆಯಲು ಎರಡು ಕುದುರೆ, ತೂಕ ಹತ್ತಿರ ಹತ್ತಿರ ಎರಡು ಟನ್. ಒಳಗೆ ಸೋಫಾ, ಪುಸ್ತಕದ ಕಪಾಟು, ಹಾರ್ಮೋನಿಯಂ. ಹಿಂಬದಿಗೆ ಪುಟ್ಟ ಅಡುಗೆಮನೆ. ದಾರಿ ನೋಡಿಕೊಂಡು ಮುಂದೆ ಮುಂದೆ ಟ್ರೈಸಿಕಲ್ ತುಳಿಯಲು ಒಬ್ಬ ಆಳು, ಯಜಮಾನನ ಜೊತೆಗೆ ಒಂದು ದೈತ್ಯ ನ್ಯೂಫೌಂಡ್‌ಲೆಂಡ್ ನಾಯಿ. ಸುಮಾರು 1,300 ಮೈಲಿಯ ಆ ಪ್ರವಾಸ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸಾಗಿತು. ಬಂಡಿಯ ಹೆಸರು ‘ವಾಂಡರರ್’, ಅಂದರೆ ಅಲೆಮಾರಿ. ಕಟ್ಟಿದ್ದು ಬ್ರಿಸ್ಟಲ್ ನಗರದ ರೈಲು ಬೋಗಿ ಮತ್ತು ಬಂಡಿಗಳ ಕಾರ್ಖಾನೆ. ವಿಹಾರಕ್ಕೆಂದೇ ತಯಾರಾದ ಕ್ಯಾರವಾನ್‌ಗಳಲ್ಲಿ ಇದೇ ಮೊದಲನೆಯದು ಎಂದು ಬಲ್ಲವರು ಲೆಕ್ಕ ಹಿಡಿಯುತ್ತಾರೆ.

ಯಜಮಾನ ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್, ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ. ಮರುವರ್ಷ ಬರೆದ ಪ್ರವಾಸ ಕಥನದಲ್ಲಿ ಆತ ತನ್ನ ಬಂಡಿಯನ್ನು ‘ನೆಲದ ಮೇಲಿನ ವಿಹಾರ ನೌಕೆ’ ಎಂದೇ ಕರೆದ. ಅದು ಬರೀ ಚಂದದ ಮಾತಲ್ಲ. ಅಲುಗಾಡುವ ನೆಲದ ಮೇಲೆ ಸಂಸಾರ ಹೂಡುವ ವಿದ್ಯೆ ಆಗ ಚೆನ್ನಾಗಿ ಗೊತ್ತಿದ್ದದ್ದು ಹಡಗಿನವರಿಗೇ.

ಕ್ಯಾರವಾನ್ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಸಿನಿಮಾ ಶೂಟಿಂಗ್. ಮರದ ನೆರಳಿನಲ್ಲಿ ನಿಂತ ಬಿಳಿ ವಾಹನ, ಒಳಗೆ ಮೇಕಪ್ಪಿನ ಕನ್ನಡಿ. ಅದು ನಿಂತಾಗ ಮಾತ್ರ ಮನೆ. ಅಡುಗೆ ಪಾತ್ರೆ, ಬೇಳೆ ಡಬ್ಬಿ, ಲೋಟ ತಟ್ಟೆಗಳನ್ನೆಲ್ಲ ತುಂಬಿಕೊಂಡು ಊರಿಂದೂರಿಗೆ ಓಡುವ ಕ್ಯಾಂಪರ್ ವ್ಯಾನಿನ ಕಷ್ಟವೇ ಬೇರೆ. ಅಲ್ಲಿ ಮುಚ್ಚಿದ ಕಪಾಟು, ಮನುಷ್ಯ ಕೈ ಹಾಕುವವರೆಗೆ ಮುಚ್ಚಿಕೊಂಡೇ ಇರಬೇಕು. ಈ ಸಣ್ಣ ಬೇಡಿಕೆಯ ಹಿಂದೆ ನಾನೂರು ವರ್ಷಕ್ಕೂ ಮಿಕ್ಕಿದ ಬಡಗಿತನವಿದೆ.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಯುದ್ಧನೌಕೆ ‘ಮೇರಿ ರೋಸ್’ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತು. ಅದರ ಒಡಲನ್ನು ನೀರಿನಿಂದ ಮೇಲೆತ್ತಿದ್ದು 1982ರಲ್ಲಿ. ಮುಳುಗುಗಾರರಿಗೆ ಸಿಕ್ಕ ವಸ್ತುಗಳಲ್ಲಿ ಹಡಗಿನ ಶಸ್ತ್ರವೈದ್ಯನ ಮರದ ಪೆಟ್ಟಿಗೆಯೂ ಒಂದು. ಅದರೊಳಗೆ ಔಷಧದ ಭರಣಿ, ಕ್ಷೌರದ ಕತ್ತಿಯ ಹಿಡಿ ಮುಂತಾಗಿ 60ಕ್ಕೂ ಹೆಚ್ಚು ಸಾಮಾನು ಉಳಿದಿದ್ದವು. ಹಡಗಿನವರು ಮೊದಲಿಗೆ ನೆಚ್ಚಿಕೊಂಡಿದ್ದು ಇಂಥ ಪೆಟ್ಟಿಗೆಯನ್ನೇ. ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಒಳಗಿನದು ಹೊರಗೆ ಚೆಲ್ಲುವುದಿಲ್ಲ. ಆದರೆ ಪೆಟ್ಟಿಗೆಯ ರಗಳೆ ಎಲ್ಲರಿಗೂ ಗೊತ್ತು: ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ.

ಹಾಗಾಗಿ ಡ್ರಾಯರ್ ಬಂತು, ಅದರ ಬೆನ್ನಿಗೇ ಹೊಸ ತಲೆನೋವೂ ಬಂತು. ಹಡಗು ವಾಲಿದ ಕಡೆಗೆ ಡ್ರಾಯರ್ ಜಾರುತ್ತದೆ. ಹಡಗಿನ ಬಡಗಿಗಳು ಇದಕ್ಕೆ ಕಂಡುಕೊಂಡ ಉಪಾಯ ನೋಡಲು ತೀರಾ ಸರಳ. ಡ್ರಾಯರಿನ ಮುಂಭಾಗದ ತಳದಲ್ಲಿ ಒಂದು ಕಚ್ಚು ಕೊರೆದರು. ಮುಚ್ಚಿದಾಗ ಆ ಕಚ್ಚು ಕೆಳಗಿನ ಪಟ್ಟಿಯ ಮೇಲೆ ಕೂತು ಹಿಡಿದುಕೊಳ್ಳುತ್ತದೆ. ತೆರೆಯಬೇಕಾದರೆ ಡ್ರಾಯರನ್ನು ತುಸು ಎತ್ತಬೇಕು, ಆಮೇಲೆ ಎಳೆಯಬೇಕು. ಬೀಗವಿಲ್ಲ, ಸ್ಪ್ರಿಂಗ್ ಇಲ್ಲ, ಸಾಮಾನಿನ ಭಾರವೇ ಕಾವಲು. ಕಪಾಟಿನ ಬಾಗಿಲಿಗೆ ಬೆರಳು ತೂರುವಷ್ಟು ದುಂಡು ರಂಧ್ರ ಕೊರೆದು, ಒಳಗಡೆ ಒಂದು ಕೊಂಡಿ ಇಡುವುದು ಇನ್ನೊಂದು ಪದ್ಧತಿ: ಬೆರಳು ಹಾಕಿ ಕೊಂಡಿ ಸರಿಸಬೇಕು, ಆಮೇಲೆ ಬಾಗಿಲು ಎಳೆಯಬೇಕು. ಒಂದೇ ಮೊಳೆಯ ಮೇಲೆ ತಿರುಗುವ ಮರದ ತುಂಡಂತೂ ನಮ್ಮ ಹಳೆಯ ಅಡುಗೆಮನೆಯ ಜಾಲರಿ ಬೀರುವಿನಲ್ಲೂ ಇತ್ತು.

ಈ ಮೂರರಲ್ಲೂ ಒಂದು ಸಾಮ್ಯವಿದೆ. ಯಾವುದೂ ಬರೀ ಬಿಗಿತವನ್ನು ನಂಬಿಲ್ಲ. ತೆರೆಯುವವರಿಂದ ಎರಡು ಬೇರೆ ಬೇರೆ ಕೆಲಸ ಬೇಡುತ್ತವೆ. ಎತ್ತಿ ಎಳೆ, ಸರಿಸಿ ಎಳೆ, ತಿರುಗಿಸಿ ಎಳೆ. ಅಲೆಗೆ ಎಳೆಯಲು ಬರುತ್ತದೆ. ಎತ್ತಿ ಹಿಡಿದುಕೊಂಡು ಎಳೆಯುವುದು ಕೈಗೆ ಮಾತ್ರ ಬರುತ್ತದೆ.

ಹಡಗಿನಲ್ಲಿ ಜಾಗ ಎಷ್ಟು ಇಕ್ಕಟ್ಟು ಎನ್ನುವುದಕ್ಕೆ ಚಾರ್ಲ್ಸ್ ಡಾರ್ವಿನ್ ಸಾಕ್ಷಿ. 1831ರಿಂದ 1836ರವರೆಗೆ ಆತ ‘ಬೀಗಲ್’ ಹಡಗಿನಲ್ಲಿ ಲೋಕ ಸುತ್ತಿದ. ರಾತ್ರಿ ಮಲಗಲು ತೂಗುಹಾಸಿಗೆ ಕಟ್ಟಬೇಕಾದರೆ ಕೋಣೆಯ ಡ್ರಾಯರುಗಳಲ್ಲಿ ಒಂದನ್ನು ಪೂರ್ತಿ ಹೊರಗೆ ತೆಗೆದಿಡಬೇಕಿತ್ತು. ಕಾಲು ಚಾಚುವ ಕಡೆಯ ಹಗ್ಗಕ್ಕೆ ಆ ಖಾಲಿ ಗೂಡೇ ಜಾಗ.

ಹಡಗಿನಿಂದ ಇಳಿದ ಸೈನ್ಯಾಧಿಕಾರಿಗಳು ತಮ್ಮ ಪೀಠೋಪಕರಣವನ್ನೂ ಜೊತೆಗೆ ಇಳಿಸಿಕೊಂಡರು. ಬ್ರಿಟಿಷರು ಹೋದಲ್ಲೆಲ್ಲ ಹೊತ್ತೊಯ್ದ ಡ್ರಾಯರ್ ಪೆಟ್ಟಿಗೆಗೆ ‘ಕ್ಯಾಂಪೇನ್ ಚೆಸ್ಟ್’ ಎಂದು ಹೆಸರು. ಮಹಾಗನಿ, ತೇಗ ಅಥವಾ ಕರ್ಪೂರದ ಮರ. ಮೂಲೆಗಳಿಗೆ ಹಿತ್ತಾಳೆ ಕಟ್ಟು. ಹೊರುವವರ ಅನುಕೂಲಕ್ಕೆ ಮೇಲೊಂದು ಕೆಳಗೊಂದು ಎರಡು ತುಂಡು. ತಿರುಪಿ ತೆಗೆಯಬಹುದಾದ ಕಾಲುಗಳು. ಹಿಡಿಗಳನ್ನು ಮರದೊಳಗೆ ಅದುಮಿ ಕೂರಿಸಿರುತ್ತಿದ್ದರು. ಹೊರಗೆ ಚಾಚಿದ ಹಿಡಿ ಹಗ್ಗಕ್ಕೋ ಪಕ್ಕದ ಪೆಟ್ಟಿಗೆಗೋ ಸಿಕ್ಕಿಕೊಂಡರೆ ದಾರಿ ಮಧ್ಯೆ ಡ್ರಾಯರೇ ಕಿತ್ತು ಬರುವ ಭಯ. ಎತ್ತಿನ ಗಾಡಿ, ಒಂಟೆ, ಹೇಸರಗತ್ತೆಗಳ ಬೆನ್ನೇರಿ ಇವು ಇಂಡಿಯಾದ ದಂಡಿನ ಊರುಗಳನ್ನು ಸುತ್ತಿದವು. 1809ರಲ್ಲಿ ಹುಟ್ಟಿದ ಬೆಂಗಳೂರು ದಂಡು ಪ್ರದೇಶವೂ ಇಂಥದೇ ಒಂದು ಊರು. ಇಂದು ಲಂಡನ್ನಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಇವುಗಳಿಗೆ ಭಾರೀ ಬೆಲೆ.

ನೆಲದ ಮೇಲೆ ಮನೆ ಕಟ್ಟಿಕೊಂಡು ಓಡಾಡಿದವರಲ್ಲಿ ಇಂಗ್ಲೆಂಡಿನ ರೊಮಾನಿ ಜನರನ್ನು ಮರೆಯುವ ಹಾಗಿಲ್ಲ. ಕುದುರೆ ಎಳೆಯುವ ಅವರ ಬಂಡಿಮನೆಗೆ ‘ವಾರ್ಡೊ’ ಎನ್ನುತ್ತಾರೆ. ಅದರ ಒಳಗಿನ ಒಂದೊಂದು ಅಂಗುಲಕ್ಕೂ ಕಾರಣವಿದೆ. ಮುಂಬಾಗಿಲಿನಿಂದ ಒಳಹೊಕ್ಕರೆ ಒಲೆ ಸಾಮಾನ್ಯವಾಗಿ ಎಡಗಡೆಗೆ. ಬಂಡಿ ರಸ್ತೆಯ ಎಡಬದಿಯಲ್ಲಿ ಸಾಗುವಾಗ ಅದು ರಸ್ತೆಯ ನಡುವಿನ ಕಡೆಗೆ ಬರುತ್ತದೆ. ಹೊಗೆಕೊಳವೆಗೆ ಅಂಚಿನ ಮರದ ಕೊಂಬೆ ತಾಗುವುದಿಲ್ಲ. ಹಿಂಬದಿಯಲ್ಲಿ ಅಡ್ಡಲಾಗಿ ಮಂಚ, ಅದರ ಕೆಳಗೆ ಮಕ್ಕಳು ಮಲಗುವ ಗೂಡು, ಆ ಗೂಡಿಗೆ ಸರಿಯುವ ಬಾಗಿಲು. ಈ ಬಾಗಿಲು ಬಂಡಿಯ ಅಗಲಕ್ಕೆ ಸರಿಯುತ್ತದೆ, ಉದ್ದಕ್ಕಲ್ಲ. ಉದ್ದಕ್ಕೆ ಸರಿಯುವ ಬಾಗಿಲಾದರೆ ಬಂಡಿ ಗಕ್ಕನೆ ನಿಂತಾಗ ತಾನೇ ತೆರೆದುಕೊಂಡುಬಿಟ್ಟೀತು.

ಸ್ಟೇಬಲ್ಸ್ ಆಗಲಿ ರೊಮಾನಿಗಳಾಗಲಿ ನಡೆದದ್ದು ಕುದುರೆಯ ಹೆಜ್ಜೆಯಲ್ಲಿ, ಗಂಟೆಗೆ ಐದಾರು ಕಿಲೋಮೀಟರ್. ಅವರ ಶತ್ರು ಗುಂಡಿ ಮತ್ತು ಕುಲುಕಾಟ. ಮೋಟಾರು ಬಂದ ಮೇಲೆ ಶತ್ರು ಬದಲಾದ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿ ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್‌ಗಳ ವ್ಯಾಪಾರಕ್ಕೆ ಇಳಿಯಿತು. 1931ರಲ್ಲಿ ಜರ್ಮನಿಯ ಇಸ್ನಿ ಊರಿನ ಆರಿಸ್ಟ್ ಡೆತ್‌ಲೆಫ್ಸ್, ಚಿತ್ರಕಲಾವಿದೆಯಾದ ತನ್ನ ಬಾಳಸಂಗಾತಿ ಜೊತೆಗೇ ಪ್ರಯಾಣಿಸಲೆಂದು ‘ವಾಸದ ಕಾರು’ ಕಟ್ಟಿದ. 1951ರಲ್ಲಿ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವಾಗನ್ ವ್ಯಾನಿಗೆ ‘ಕ್ಯಾಂಪಿಂಗ್ ಬಾಕ್ಸ್’ ತಂದಿತು. ವಾರದ ದಿನ ಸರಕು ಸಾಗಿಸುವ ವ್ಯಾನಿಗೆ ರಜೆಯಲ್ಲಿ ಕಪಾಟು, ಹಾಸಿಗೆ ಸಮೇತ ಆ ಮರದ ಸರಂಜಾಮು ಇಟ್ಟರೆ ಮನೆ ತಯಾರು.

ತಿರುವಿನಲ್ಲಿ ಸಾಮಾನನ್ನು ಹೊರಕ್ಕೆ ಜಗ್ಗುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 5 ಕಿ.ಮೀ. ವೇಗದ ಬಂಡಿ ತಿರುಗುವ ತಿರುವನ್ನೇ 40 ಕಿ.ಮೀ. ವೇಗದಲ್ಲಿ ತಿರುಗಿದರೆ ಆ ಬಲ 64 ಪಟ್ಟು. ನಮ್ಮ ಘಟ್ಟದ ಲೆಕ್ಕ ಹಾಕೋಣ. 10 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವು, ವೇಗ 25 ಕಿ.ಮೀ. ಅಂದುಕೊಂಡರೆ, ಪಾತ್ರೆ ತುಂಬಿದ 10 ಕಿಲೋ ಡ್ರಾಯರನ್ನು ಯಾರೋ 5 ಕಿಲೋ ತೂಕ ನೇತುಹಾಕಿ ಜಗ್ಗಿದಂತೆ. ಜೋರಾಗಿ ಬ್ರೇಕ್ ಹಾಕಿದರೆ ಇನ್ನೂ ಹೆಚ್ಚು. ಮನೆಯ ಕಪಾಟಿಗೆ ಹಾಕುವ ಸಣ್ಣ ಮ್ಯಾಗ್ನೆಟ್‌ನ ಹಿಡಿತ ಸಾಮಾನ್ಯವಾಗಿ ಮೂರ್ನಾಲ್ಕು ಕಿಲೋ ಅಷ್ಟೇ. ಅದು ಕೇಳುವುದೂ ಒಂದೇ ಕೆಲಸ: ಎಳೆ.

ಫ್ರಿಜ್ಜಿನ ಬಾಗಿಲಿನ ಕಥೆ ಇಲ್ಲಿ ಹೇಳಬೇಕು. ಹಳೆಯ ಫ್ರಿಜ್ಜುಗಳಿಗೆ ಹೊರಗಿನಿಂದ ಮಾತ್ರ ಬಿಚ್ಚುವ ಚಿಲಕ ಇರುತ್ತಿತ್ತು. ಆಟವಾಡುತ್ತ ಒಳಹೊಕ್ಕ ಮಕ್ಕಳು ಸಿಕ್ಕಿಬಿದ್ದು ಸತ್ತರು. ಅಮೆರಿಕ 1956ರಲ್ಲಿ ಕಾನೂನು ತಂದು, 1958ರ ಅಕ್ಟೋಬರ್ ನಂತರದ ಮನೆ ಫ್ರಿಜ್ಜುಗಳ ಬಾಗಿಲು ಒಳಗಿನಿಂದಲೂ ತೆರೆಯಬೇಕೆಂದಿತು. ಅಲ್ಲಿಂದ ಮ್ಯಾಗ್ನೆಟ್ ಅಂಚಿನ ಬಾಗಿಲು ಮನೆಮನೆಗೂ ಬಂತು. ಓಡುವ ಮನೆಯಲ್ಲಿ ಮಾತ್ರ ಅದು ಸಾಲದು. ಕ್ಯಾಂಪರ್ ವ್ಯಾನಿನ ಫ್ರಿಜ್ಜಿಗೆ ಇಂದಿಗೂ ಪ್ರಯಾಣದ ಕೊಕ್ಕೆ ಬೇರೆಯೇ ಇರುತ್ತದೆ.

ವಿಮಾನದವರೂ ಇದೇ ಪಾಠ ಕಲಿತರು. ತಲೆಯ ಮೇಲಿನ ತೆರೆದ ಅಟ್ಟಕ್ಕೆ ಬದಲಾಗಿ ಬಾಗಿಲಿರುವ ಗೂಡು, 1970ರಲ್ಲಿ ಓಡಾಟ ಶುರುಮಾಡಿದ ಬೋಯಿಂಗ್ 747ರೊಂದಿಗೆ ರೂಢಿಗೆ ಬಂತು. ಊಟದ ಟ್ರಾಲಿ ನಿಲ್ಲಿಸುವ ಜಾಗದಲ್ಲಿ ಪುಟ್ಟ ಕೆಂಪು ತುಂಡುಗಳು ಕಾಣುತ್ತವಲ್ಲ, ಗಗನಸಖಿ ಟ್ರಾಲಿ ತೆಗೆಯುವ ಮುನ್ನ ಅವನ್ನು ಬೆರಳಿನಿಂದ ತಿರುಗಿಸುತ್ತಾಳೆ. ಒಂದು ಮೊಳೆಯ ಮೇಲಿನ ಮರದ ತುಂಡಿಗೆ ಇವು ಮೊಮ್ಮಕ್ಕಳು.

ಇಂದಿನ ಕ್ಯಾಂಪರ್ ವ್ಯಾನುಗಳಲ್ಲಿ ಹೆಚ್ಚಾಗಿ ಕಾಣುವುದು ಗುಂಡಿ ಚಿಲಕ. ಒತ್ತಿದರೆ ಗುಂಡಿ ಒಳಗೆ ಕೂತು ಬಾಗಿಲು ಭದ್ರವಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಹೊರಬಂದು ತಾನೇ ಹಿಡಿಯಾಗುತ್ತದೆ. ಒಳಗೆ ಅದುಮಿದ ಹಿಡಿ ದಂಡಿನ ಪೆಟ್ಟಿಗೆಯದು, ಒತ್ತಿ ಎಳೆಯುವ ಎರಡು ಕೆಲಸ ಹಡಗಿನದು. ಎಡವುವುದು ಮನೆಯ ಮಾಡ್ಯುಲರ್ ಕಿಚನ್ ಮಾಡುವವರ ಕೈಯಲ್ಲೇ ವ್ಯಾನಿನ ಕೆಲಸವನ್ನೂ ಮಾಡಿಸಿದವರು. ಕಿರುಬೆರಳಿನಿಂದ ತೆರೆದು, ಸದ್ದಿಲ್ಲದೆ ಮುಚ್ಚುವ ಡ್ರಾಯರ್ ಮನೆಯಲ್ಲಿ ಸುಖ, ಘಟ್ಟದಲ್ಲಿ ಗಂಡಾಂತರ.

ರಜೆಗೆ ಕ್ಯಾರವಾನ್ ಬಾಡಿಗೆ ಹಿಡಿಯುವವರು ಬೀಗದ ಕೈ ತೆಗೆದುಕೊಳ್ಳುವ ಮುನ್ನ ಐದು ನಿಮಿಷ ಒಳಗೆ ನಿಂತು ಪರೀಕ್ಷೆ ಮಾಡಲಿ. ಒತ್ತದೆ, ಎತ್ತದೆ, ತಿರುಗಿಸದೆ ಪ್ರತಿ ಬಾಗಿಲನ್ನೂ ಪ್ರತಿ ಡ್ರಾಯರನ್ನೂ ಸುಮ್ಮನೆ ಎಳೆದು ನೋಡಲಿ. ಬಾರದಿದ್ದರೆ ಒಳ್ಳೆಯದು. ಬಂದರೆ, ಅಂಥ ಹಿಡಿಗಳಿಗೆ ಎಲಾಸ್ಟಿಕ್ ಹಗ್ಗ ಕಟ್ಟಿಸಿಕೊಳ್ಳಿ, ಕುಕ್ಕರು ಬಾಣಲೆಗಳನ್ನು ತಳದ ಖಾನೆಗೆ ಇಳಿಸಿ, ಆಮೇಲೆ ಆಗುಂಬೆ ಕಡೆಗೆ ಹೊರಡಿ.