ಗೋಡೆಯ ಟೀವಿಗೆ ಕಂಪ್ಯೂಟರ್ ಜೋಡಿಸಿದವರು: ಮಿರಜದಲ್ಲಿ ಕಂಡದ್ದು, ಹಿಂದೆ ನಡೆದದ್ದು

ಮಿರಜಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮೀರಾಸಾಹೇಬ್ ದರ್ಗಾ ನೋಡಿ, 1937ರಲ್ಲಿ ತೀರಿಹೋದ ಉಸ್ತಾದ್ ಅಬ್ದುಲ್ ಕರೀಂ ಖಾನರ ಗೋರಿಯ ಮುಂದೆ ಎರಡು ನಿಮಿಷ ನಿಂತು, ಸಿತಾರ್ ಮಾಡುವವರ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ ರೈಲು ಹತ್ತುತ್ತಾರೆ. ನಾನೂ ಹಾಗೆಯೇ ಹೊರಟವನು. ಆದರೆ ಉಳಿದುಕೊಂಡ ಪರಿಚಯದವರ ಮನೆಯಲ್ಲಿ ಕಂಡ ಒಂದು ನೋಟ ಈ ಬರಹಕ್ಕೆ ಕಾರಣವಾಯಿತು.

ಆ ಮನೆಯವರು ಮೂಲತಃ ವಿಜಯಪುರ ಕಡೆಯವರು. ಒಳಗೆ ಕನ್ನಡ, ಬಾಗಿಲಾಚೆ ಮರಾಠಿ, ನೆಂಟರ ಜೊತೆ ಉರ್ದು. ಅವರ ಸೊಸೆ ಹಜಾರದ 43 ಇಂಚಿನ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಕೀಬೋರ್ಡ್ ಇಟ್ಟುಕೊಂಡು ಯಾರದೋ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಲ್ಯಾಪ್‌ಟಾಪಿನ ಪರದೆ ಒಡೆದು ವರ್ಷವಾಗಿತ್ತಂತೆ.

"ಭಾಬಿ, ಕಣ್ಣಿಗೆ ತೊಂದರೆ ಆಗೋದಿಲ್ವಾ?" ಎಂದು ಕೇಳಿದೆ.

"ಆಗ್ತೈತ್ರಿ. ಆದ್ರ ಮಾನಿಟರ್‌ಗೆ ಮತ್ತ ರೊಕ್ಕ ಹಾಕ್ಬೇಕು. ಟೀವಿ ಹೆಂಗೂ ಐತೆಲ್ರಿ."

'ಟೀವಿ ಹೆಂಗೂ ಐತಿ' ಎನ್ನುವ ಈ ಮಾತಿಗೆ ನಲವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಇಂದಿನ ಹುಡುಗರು ಇದನ್ನು ಹೊಸ ಉಪಾಯ ಎಂದುಕೊಂಡಿದ್ದರೆ ತಪ್ಪು. ಮನೆಗೆ ಬಂದ ಮೊದಲ ಕಂಪ್ಯೂಟರುಗಳಲ್ಲಿ ಬಹುಪಾಲಿಗೆ ಸ್ವಂತ ಪರದೆಯೇ ಇರಲಿಲ್ಲ. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಂ ನೋಡಲು ಬರೀ ಒಂದು ಕೀಬೋರ್ಡು. ಹಿಂದಿನಿಂದ ಒಂದು ತಂತಿ ಟೀವಿಯ ಆಂಟೆನಾ ತೂತಿಗೆ, ಇನ್ನೊಂದು ಟೇಪ್ ರೆಕಾರ್ಡರಿಗೆ. ಟೀವಿಯಲ್ಲಿ ಚಾನೆಲ್ ತಿರುಗಿಸಿ ಹುಡುಕಿದರೆ ಕಂಪ್ಯೂಟರ್ ಸಿಗುತ್ತಿತ್ತು, ದೂರದರ್ಶನ ಸಿಕ್ಕ ಹಾಗೆ. ಇದೇ ಯಂತ್ರವನ್ನು ಪುಣೆಯ ಡೆಸಿಬೆಲ್ಸ್ ಎಂಬ ಕಂಪನಿ ಆ ದಶಕದಲ್ಲೇ ಭಾರತದಲ್ಲಿ ತಯಾರಿಸಿ ಮಾರಿತು. ಪುಣೆಯಿಂದ ಮಿರಜಕ್ಕೆ ಒಂದು ರಾತ್ರಿಯ ರೈಲು ದಾರಿಯೂ ಇಲ್ಲ.

ಅದೇ ಹೊತ್ತಿಗೆ ಕೇಂದ್ರ ಸರಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡಲು ಹೊರಟಿತು. ಅದು 1984. ಅದೇ ವರ್ಷ ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರ್‌ಗಳು ಬಂದು ದೂರದರ್ಶನ ಜಿಲ್ಲೆಗಳಿಗೆ ಹಬ್ಬುತ್ತಿತ್ತು. ಬಣ್ಣ ಬಂದು ಎರಡೇ ವರ್ಷವಾಗಿತ್ತು. ಅಂದರೆ ನಮ್ಮಲ್ಲಿ ಟೀವಿಯೂ ಕಂಪ್ಯೂಟರೂ ಹೆಚ್ಚುಕಡಿಮೆ ಜೊತೆಜೊತೆಗೇ ಬಂದವು. ಟೀವಿ ಮನೆಗೆ ಬಂತು, ಕಂಪ್ಯೂಟರ್ ಬರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಬೀದಿಗೆ ಒಂದೇ ಟೀವಿ ಇದ್ದು ಭಾನುವಾರ ಬೆಳಗ್ಗೆ ರಾಮಾಯಣಕ್ಕೆ ಇಡೀ ಬೀದಿ ಸೇರುತ್ತಿದ್ದ ಕಾಲದಲ್ಲಿ, ಅದನ್ನು ಬಿಡಿಸಿ ಹುಡುಗನೊಬ್ಬನ ಬೇಸಿಕ್ ಪ್ರೋಗ್ರಾಮಿಗೆ ಕೊಡುವವರು ಯಾರು? ನಮ್ಮ ಮನೆಯಲ್ಲಿ ತೊಂಬತ್ತರ ದಶಕದಲ್ಲಿ ಕಾರ್ಟ್ರಿಜ್ ಹಾಕುವ ವಿಡಿಯೋ ಗೇಮಿಗೇ ಉಮ್ಮ ಅರ್ಧ ಗಂಟೆ ಮಾತ್ರ ಬಿಡುತ್ತಿದ್ದರು. ಪಿಕ್ಚರ್ ಟ್ಯೂಬ್ ಹಾಳಾಗುತ್ತದೆ ಎಂಬ ಭಯ ಬೇರೆ.

ಆಮೇಲೆ ಕಂಪ್ಯೂಟರ್ ಟೀವಿಯನ್ನು ಬಿಟ್ಟು ಬೇರೆಯಾಯಿತು. ಕಾರಣ ಅಕ್ಷರ. ನಮ್ಮ ಹಳೆಯ ಟೀವಿ ಪದ್ಧತಿಯಲ್ಲಿ 625 ಗೆರೆ, ಕಣ್ಣಿಗೆ ಕಾಣುವುದು 576. ಅದೂ ಒಂದು ಸಲ ಬೆಸ ಗೆರೆಗಳು, ಇನ್ನೊಂದು ಸಲ ಸರಿ ಗೆರೆಗಳು. ಓಡುವ ಕ್ರಿಕೆಟ್ ಚೆಂಡಿಗೆ ಇದು ಸಾಕು. ನಿಂತ ಅಕ್ಷರಕ್ಕೆ ಸಾಲದು, ಗೆರೆ ನಡುಗುತ್ತದೆ. ಸ್ಪೆಕ್ಟ್ರಂ ಒಂದು ಸಾಲಿಗೆ ಬರೀ 32 ಅಕ್ಷರ ತೋರಿಸುತ್ತಿದ್ದುದು ಸುಮ್ಮನೆ ಅಲ್ಲ. ಆಫೀಸಿನವರಿಗೆ 80 ಬೇಕಿತ್ತು. ಹಾಗಾಗಿ ಮಾನಿಟರ್ ಎಂಬ ಬೇರೆ ಪೆಟ್ಟಿಗೆ, ಬೇರೆ ಖರ್ಚು. ಇಂಗ್ಲಿಷಿಗೇ ಈ ಪಾಡಾದರೆ ಒತ್ತಕ್ಷರ ಹೊತ್ತ ಕನ್ನಡದ ಗತಿಯೇನು? ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ರೂಪಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೆರಳಿನ ಕಡೆಯ ಕಷ್ಟ ಹಾಗೆ ನೀಗಿತು. ಕಣ್ಣಿನ ಕಡೆಯ ಕಷ್ಟ ನೀಗಲು ಒಳ್ಳೆಯ ಪರದೆಯೇ ಬೇಕಿತ್ತು.

ಸಾಂಗ್ಲಿ ಸೀಮೆಗೆ ಕಂಪ್ಯೂಟರ್ ಹಳ್ಳಿಯವರೆಗೆ ಬಂದದ್ದು ಕಬ್ಬಿನ ಮೂಲಕ. 1998ರಲ್ಲಿ ವಾರಣಾ ಸಹಕಾರಿ ಸಂಸ್ಥೆಗಳನ್ನು ಆಧರಿಸಿ ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳ ಸುಮಾರು 70 ಹಳ್ಳಿಗಳನ್ನು ಕಂಪ್ಯೂಟರಿನಿಂದ ಜೋಡಿಸುವ ಯೋಜನೆ ಶುರುವಾಯಿತು. ಆಗ ಅದು ದೊಡ್ಡ ಸುದ್ದಿ. ರೈತರು ಅದನ್ನು ಹೆಚ್ಚಾಗಿ ಬಳಸಿದ್ದು ಕಬ್ಬಿನ ತೂಕದ, ಗೊಬ್ಬರದ ಲೆಕ್ಕಕ್ಕೆ. ಕೆಲವು ವರ್ಷಗಳ ನಂತರ ಮೈಕ್ರೋಸಾಫ್ಟಿನ ಬೆಂಗಳೂರು ಸಂಶೋಧಕರು ಏಳು ಹಳ್ಳಿಗಳಲ್ಲಿ ಆ ಕಂಪ್ಯೂಟರ್ ತೆಗೆದು, ಅದೇ ಕೆಲಸವನ್ನು ಮೊಬೈಲ್ ಎಸ್ಸೆಮ್ಮೆಸ್ಸಿನಿಂದ ಮಾಡಿ ತೋರಿಸಿದರು. ಮೇಜು, ಮಾನಿಟರ್, ಕೋಣೆ ಯಾವುದೂ ಬೇಕಾಗಲಿಲ್ಲ. ನನ್ನ ಮಟ್ಟಿಗೆ ಹಳ್ಳಿಯಲ್ಲಿ ಮಾನಿಟರಿನ ಕಾಲ ಶುರುವಾಗುವ ಮೊದಲೇ ಮುಗಿದದ್ದು ಅಲ್ಲಿ.

ಅಷ್ಟರಲ್ಲಿ ಟೀವಿಯೇ ಬದಲಾಗಿತ್ತು. 2002ರ ಕೊನೆಗೆ ಎಚ್‌ಡಿಎಂಐ ಎಂಬ ತಂತಿಯ ನಿಯಮ ಬಂತು. ಚಪ್ಪಟೆ ಟೀವಿಗಳು ಬಂದವು. ಟೀವಿಗೂ ಮಾನಿಟರಿಗೂ ಒಳಗಿನ ವ್ಯತ್ಯಾಸ ಹೆಚ್ಚೇನೂ ಉಳಿಯಲಿಲ್ಲ. ಮಹಾರಾಷ್ಟ್ರದ ಜಿಲ್ಲಾ ಪರಿಷತ್ ಶಾಲೆಗಳು 2015ರ ನಂತರ 'ಡಿಜಿಟಲ್ ಶಾಲೆ' ಆದದ್ದು ಹೀಗೆಯೇ. ಊರವರು ವಂತಿಗೆ ಎತ್ತಿ ಒಂದು ದೊಡ್ಡ ಎಲ್‌ಇಡಿ ಟೀವಿ ತರುವುದು, ಮಾಸ್ತರರ ಲ್ಯಾಪ್‌ಟಾಪನ್ನೋ ಫೋನನ್ನೋ ಅದಕ್ಕೆ ಸಿಕ್ಕಿಸುವುದು.

ಸಾಂಗ್ಲಿಯೆಂದರೆ ವಿಲಿಂಗ್ಡನ್ ಕಾಲೇಜಿನಲ್ಲಿ ಗೋಕಾಕರೂ ರಂ.ಶ್ರೀ. ಮುಗಳಿಯವರೂ ಪಾಠ ಹೇಳಿದ ಊರು. ಜತ್ತ ತಾಲೂಕಿನಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. 2020ರ ಜುಲೈನಲ್ಲಿ ಶಾಲೆ ಮುಚ್ಚಿದ್ದಾಗ ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ' ಎಂಬ ಮರಾಠಿ ಪಾಠ ಬಂತು. ಇತ್ತ ಚಂದನದಲ್ಲಿ ಕರ್ನಾಟಕದ ಪಠ್ಯದ 'ಸಂವೇದ' ಬಂತು. ಜತ್ತದ ಕನ್ನಡ ಶಾಲೆಯ ಮಗು ಓದುವುದು ಮಹಾರಾಷ್ಟ್ರದ ಪಠ್ಯವನ್ನು, ಕನ್ನಡದಲ್ಲಿ. ಒಂದು ವಾಹಿನಿಯಲ್ಲಿ ಪಠ್ಯ ಸರಿ, ಭಾಷೆ ಬೇರೆ. ಇನ್ನೊಂದರಲ್ಲಿ ಭಾಷೆ ಸರಿ, ಪಠ್ಯ ಬೇರೆ. ಆ ಮಗುವಿಗೆ ಉಳಿದದ್ದು ಮಾಸ್ತರರು ಫೋನಿಗೆ ಕಳಿಸಿದ್ದನ್ನು ನೋಡುವುದು, ತಂತಿ ಸಿಕ್ಕಿದರೆ ಅದನ್ನೇ ಟೀವಿಗೆ ಹಾಕಿಕೊಳ್ಳುವುದು. ಮನೆಮಾತಿಗೂ ಶಾಲೆಯ ಮಾತಿಗೂ ನಡುವೆ ಬೆಳೆದ ನಾವು ಬ್ಯಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಬಿಯ ಟೀವಿಯ ವಿಚಾರಕ್ಕೆ ಬರುತ್ತೇನೆ. ಅವರ ಪರದೆಯ ಅಂಚಿನ ಸಾಲು ಕತ್ತರಿಸಿಹೋಗುತ್ತಿತ್ತು. ಹಳೆಯ ಟ್ಯೂಬಿನ ಅಂಚು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತಿದ್ದ ಅಭ್ಯಾಸ ಇಂದಿನ ಟೀವಿಯಲ್ಲೂ ಉಳಿದಿದೆ. ಸೆಟ್ಟಿಂಗಿನಲ್ಲಿ ಚಿತ್ರದ ಅಳತೆ ಬದಲಿಸಿದೆವು, ಸಾಲು ಬಂತು. ಆದರೆ 43 ಇಂಚಿನ ಟೀವಿಯ ಅಗಲಕ್ಕೆ 1920 ಚುಕ್ಕಿಗಳನ್ನು ಹರಡಿದರೆ ಇಂಚಿಗೆ 51ರಷ್ಟೇ ಬೀಳುತ್ತವೆ. 24 ಇಂಚಿನ ಮಾನಿಟರಿನಲ್ಲಿ ಅಷ್ಟೇ ಚುಕ್ಕಿಗಳು ಇಂಚಿಗೆ 92. ಹತ್ತಿರ ಕೂತರೆ ಒತ್ತಕ್ಷರ ಗೂಡುಕಟ್ಟಿದಂತೆ ಕಾಣುವುದು ಇದಕ್ಕೇ. ಆರಡಿ ಹಿಂದೆ ಸರಿದು ಅಕ್ಷರ ದೊಡ್ಡದು ಮಾಡಿಕೊಳ್ಳಿ ಎಂದೆ. ಹಜಾರ ಇರುವುದೇ ಎಂಟಡಿ ಎಂದು ನಕ್ಕರು.

ಇದೇ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಮಕ್ಕಳು ಓದಲಿ, ಮನೆಯವರು ಮಾತಾಡಲಿ ಎಂದು ಒಂದೂವರೆ ಗಂಟೆ ಟೀವಿ, ಮೊಬೈಲ್ ಬಂದ್. ಒಳ್ಳೆಯ ಕೆಲಸವೇ. ಆದರೆ ಓದೂ ದುಡಿಮೆಯೂ ಅದೇ ಪರದೆಯಲ್ಲಿದ್ದರೆ ಏನನ್ನು ಬಂದ್ ಮಾಡುವುದು ಎಂದು ಭಾಬಿಯನ್ನು ಕೇಳಿದೆ. ಅವರು ಉತ್ತರ ಹೇಳುವ ಮೊದಲೇ ಗಡಿಯಾರ ಏಳು ಹೊಡೆಯಿತು. ಒಳಗಿನಿಂದ ಅತ್ತೆ ಬಂದು ದಿವಾನದ ಮೇಲೆ ಕೂತರು, ಧಾರಾವಾಹಿಯ ಹೊತ್ತು. ಭಾಬಿ ಲೆಕ್ಕ ಸೇವ್ ಮಾಡಿ, ಟೀವಿಯ ಹಿಂದೆ ಕೈ ಹಾಕಿ ತಂತಿ ಕಿತ್ತು, ರಿಮೋಟನ್ನು ಅತ್ತೆಯ ಕೈಗೆ ಕೊಟ್ಟು ಚಹಾಕ್ಕೆ ಎದ್ದರು. ಲೆಕ್ಕ ಇನ್ನೂ ಅರ್ಧ ಬಾಕಿಯಿತ್ತು.