ಪೊಟ್ಟಣದ ಹುಲಿ, ಹೊಲದ ಚಿಗರಿ

ದುಬಲಗುಂಡಿಯ ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಣ್ಣದೊಂದು ಮೃಗಾಲಯ ನೋಡಿದಂತಾಗುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಹುಲಿಯ ಹೆಸರು. ಕಡ್ಡಿಪೆಟ್ಟಿಗೆಯ ಮೇಲೆ ಚಿರತೆಯೊಡನೆ ಸೆಣಸುವ ಗಂಡಸು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲೆ ಆನೆಯ ಮೋರೆ, ಸಿಂಹದ ಮೈ ಇರುವ ಶರಭ. ಅಂಗಡಿ ಬಿಟ್ಟು ಊರಾಚೆ ನಡೆದರೆ ಹುಲಿಯೂ ಇಲ್ಲ, ಶರಭವಂತೂ ಎಂದೂ ಇರಲಿಲ್ಲ. ಆದರೆ ಬೀದರ್ ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗ, ನಮ್ಮ ಮಾತಿನ ಚಿಗರಿ, ಇದೆ. ಮುಂಗಾರಿನಲ್ಲಿ ಸೋಯಾ ಎಳೆ ಎಲೆ ಬಿಡುವ ಹೊತ್ತಿಗೆ ಹಿಂಡು ಹಿಂಡಾಗಿ ಇಳಿಯುತ್ತದೆ. ಅದನ್ನು ಯಾವ ಪೊಟ್ಟಣದ ಮೇಲೂ ನಾನು ಕಂಡಿಲ್ಲ. ಅಳಿವಿನಿಂದ ಉಳಿದ ಪ್ರಾಣಿಯೊಂದರ ಕತೆ ಹೇಗೆ ಸರಕಾಯಿತು, ಯಾರ ಸರಕಾಯಿತು ಎಂದು ಹುಡುಕುತ್ತಾ ಹೋದರೆ ಪೊಟ್ಟಣದ ಹುಲಿಗೂ ಹೊಲದ ಚಿಗರಿಗೂ ನಡುವಿನ ದೂರವೇ ಅಳತೆಗೋಲಾಗುತ್ತದೆ.

ಮೊದಮೊದಲು ಪ್ರಾಣಿ ಬರೀ ಗುರುತು. ಓದು ಬಾರದ ಗಿರಾಕಿಯೂ ಬೆರಳು ತೋರಿಸಿ ಕೇಳಲೆಂದು ಪೆಟ್ಟಿಗೆಯ ಮೇಲೆ ಮೃಗದ ಚಿತ್ರ. ಅದು ಕಾಡಿನಲ್ಲಿ ಬದುಕಿದೆಯೋ ಸತ್ತಿದೆಯೋ ಎಂಬುದು ವ್ಯಾಪಾರಿಗೆ ಬೇಡದ ಮಾತು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಮಿಂಚುಳ್ಳಿಯನ್ನು ಬಿಯರ್ ಬಾಟಲಿಗೆ ಏರಿಸಿತು. ಮುಂದೆ ಅದೇ ಹಕ್ಕಿ 2005ರಿಂದ 2012ರವರೆಗೆ ವಿಮಾನದ ಮೇಲೂ ಹಾರಿ ಇಳಿಯಿತು. ಕೆರೆಕಟ್ಟೆಯ ಮಿಂಚುಳ್ಳಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ ಚಾಳಿ ಇನ್ನೂ ಹೋಗಿಲ್ಲ. ಕರ್ನಾಟಕದ ಕ್ರಿಕೆಟ್ ಲೀಗಿನಲ್ಲಿ ಹುಬ್ಬಳ್ಳಿಗೆ 'ಟೈಗರ್ಸ್' ಎಂದು ಹೆಸರಿಟ್ಟಾಗ ಹುಬ್ಬಳ್ಳಿಯಲ್ಲಿ ಹುಲಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ್ದೂ ಇಲ್ಲ.

ಪ್ರಾಣಿಯನ್ನು ಉಳಿಸುವುದೇ ಮಾರುವ ಮಾತಾದದ್ದು ನಮ್ಮಲ್ಲಿ ಕಬಿನಿ ದಂಡೆಯಿಂದ. ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳನ್ನು ಅಟ್ಟಿ ಕೆಡವುವುದನ್ನು ನೋಡಲು ಒಂದು ಕಾಲಕ್ಕೆ ಅರಮನೆಯ ಅತಿಥಿಗಳು ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಸೇರಿತು. ಅದೇ ವರ್ಷ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ 'ಗಂಧದ ಗುಡಿ' ತೆರೆಗೆ ಬಂದು, ಕಾಡು ಕಾಯುವುದೂ ನಾಯಕನ ಕೆಲಸ ಎಂದು ಊರೂರಿಗೆ ಹೇಳಿತು. ಆಮೇಲೆ 1980ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಎಂಬ ಪ್ರವಾಸಿ ಸಂಸ್ಥೆ ಹುಟ್ಟಿತು. ಒಂಬತ್ತು ವರ್ಷಗಳ ಹಿಂದೆ ಹಿಡಿದು ತೋರಿಸುತ್ತಿದ್ದ ಆನೆಯನ್ನು ಈಗ ಹಿಡಿಯದೆ ತೋರಿಸಿ ಕಾಸು ಮಾಡುವ ವ್ಯವಹಾರ ಅದು. ಇದನ್ನು ನಾನು ಹಗುರಾಗಿ ಹೇಳುತ್ತಿಲ್ಲ. ಬದುಕಿರುವ ಆನೆಗೆ ಬೆಲೆ ಬಂದದ್ದು ಸಣ್ಣ ತಿರುವೇನಲ್ಲ.

ಆದರೆ ಅಲ್ಲಿ ಆನೆ, ಹುಲಿ ಉಳಿದದ್ದು ಜಾಹೀರಾತಿನಿಂದಲ್ಲ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ 1993ರವರೆಗೆ ಬೇಟೆಗಾರರ ಹಿಂದೆ, ಮರಗಳ್ಳರ ಹಿಂದೆ ಅಲೆದದ್ದು, ಅವರಂಥ ಹತ್ತಾರು ಗಾರ್ಡ್, ವಾಚರ್‌ಗಳು ಮಳೆಯಲ್ಲಿ ಕಾಡು ಸುತ್ತಿದ್ದು, ಉಲ್ಲಾಸ ಕಾರಂತರು ರೇಡಿಯೊ ಕಾಲರ್ ಹಾಕಿ, ಕ್ಯಾಮೆರಾ ಕಟ್ಟಿ ಎಣಿಕೆಗೊಂದು ಶಿಸ್ತು ತಂದದ್ದು, ಕಾಡೊಳಗಿನ ಹಾಡಿಗಳಿಂದ ಜೇನುಕುರುಬರು ಹೊರಬಂದದ್ದು (ಎಲ್ಲರೂ ಮನಸಾರೆ ಬಂದವರಲ್ಲ): ಇವೆಲ್ಲ ಸೇರಿ ಆದದ್ದು ಅದು. ಪೋಸ್ಟರಿನಲ್ಲಿ ಈ ಮುಖಗಳಿಗೆ ಜಾಗವಿಲ್ಲ. ಹುಲಿ ಒಂದೇ ಚೆಂದ ಕಾಣುತ್ತದೆ.

ದೊಡ್ಡ ಕಂಪನಿಗಳು ಈ ಕತೆಗೆ ಕೈ ಹಾಕಿದ್ದು ತಡವಾಗಿ, ಅದೂ ಗೆಲುವಿನ ಕತೆಗಲ್ಲ, ಸಾವಿನ ಲೆಕ್ಕಕ್ಕೆ. 1997ರಲ್ಲಿ ಟೈಗರ್ ಬಿಸ್ಕತ್ತು ತಂದ ಬ್ರಿಟಾನಿಯಾ, 2000ದ ಸುಮಾರಿಗೆ ಸ್ಯಾಂಕ್ಚುರಿ ಪತ್ರಿಕೆಯ 'ಕಿಡ್ಸ್ ಫಾರ್ ಟೈಗರ್ಸ್' ಕಾರ್ಯಕ್ರಮಕ್ಕೆ ಬೆಂಬಲವಾಗಿ ನಿಂತು ಶಾಲೆಗಳಿಗೆ ಹೋಯಿತು. ಹೆಸರು ಬಳಸಿಕೊಂಡವರು ಹೆಸರಿನ ಒಡೆಯನಿಗೆ ಬಾಡಿಗೆ ಕೊಟ್ಟ ಹಾಗಿತ್ತು ಅದು. ಆ ಮಟ್ಟಿಗೆ ಮರ್ಯಾದೆಯ ನಡೆ. ಅಷ್ಟರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲ ಎಂಬ ಸುದ್ದಿ ಬಂತು. 2008ರಲ್ಲಿ ದೇಶದ ಎಣಿಕೆ ಹೊರಬಿತ್ತು: 1411. ಎರಡು ವರ್ಷದ ಮೇಲೆ ಏರ್‌ಸೆಲ್ ಮೊಬೈಲ್ ಕಂಪನಿ ಈ ಅಂಕಿಯನ್ನೇ ಎತ್ತಿಕೊಂಡು ಡಬ್ಲ್ಯುಡಬ್ಲ್ಯುಎಫ್ ಜೊತೆ 'ಹುಲಿ ಉಳಿಸಿ' ಎಂದು ಹೊರಟಿತು. ಅಮ್ಮನಿಗಾಗಿ ಕಾಯುವ ಹುಲಿಮರಿ, ಧೋನಿಯ ಮುಖ, ಗೋಡೆ ಗೋಡೆಯ ಮೇಲೆ 1411. ನೋಡಿದವರು ಏನು ಮಾಡಬೇಕೆಂದರೆ, ಮಾತಾಡಿ, ಬರೆಯಿರಿ, ಸಂದೇಶ ಕಳಿಸಿ! ಮೊಬೈಲ್ ಕಂಪನಿಗೆ ಬೇಕಾದ್ದೂ ಅದೇ ಎಂದು ಆಗ ನಕ್ಕವರಿದ್ದರು. ಆದರೂ ಒಂದು ಸಂಖ್ಯೆಯನ್ನು ದೇಶದ ಬಾಯಲ್ಲಿ ಕೂರಿಸಿದ್ದು ಸುಳ್ಳಲ್ಲ. 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಅದೇ ವರ್ಷದ ಗಣತಿಯಲ್ಲಿ ಹುಲಿಗಳು 2967. ಅಳಿಯುತ್ತದೆ ಎಂದಿದ್ದು ಉಳಿಯಿತು, ಉಳಿಸಿ ಎಂದವರು ಅಳಿದರು.

ಸಂಖ್ಯೆ ಏರತೊಡಗಿದ ಮೇಲೆ ಮಾತಿನ ಧಾಟಿಯೂ ಬದಲಾಯಿತು. ಕರ್ನಾಟಕದಲ್ಲಿ 2010ರಲ್ಲಿ 300 ಇದ್ದ ಹುಲಿ 2014ಕ್ಕೆ 406 ಆಗಿ ರಾಜ್ಯ ಮೊದಲ ಸ್ಥಾನದಲ್ಲೇ ಉಳಿಯಿತು; 2018ಕ್ಕೆ 524, 2022ಕ್ಕೆ 563. 'ಒಂದು ರಾಜ್ಯ, ಹಲವು ಜಗತ್ತು' ಎನ್ನುವ ಪ್ರವಾಸೋದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕೆ? ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ತಂಡದ 'ವೈಲ್ಡ್ ಕರ್ನಾಟಕ' ಡೇವಿಡ್ ಅಟೆನ್‌ಬರೋ ಅವರ ದನಿಯಲ್ಲಿ 2020ರಲ್ಲಿ ಚಿತ್ರಮಂದಿರಕ್ಕೇ ಬಂತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದೇ ವರ್ಷ ರಜನಿಕಾಂತ್ ಬಂಡೀಪುರದಲ್ಲಿ ಬೇರ್ ಗ್ರಿಲ್ಸ್ ಜೊತೆ ಕ್ಯಾಮೆರಾ ಮುಂದೆ ನಡೆದರು. ಕಬಿನಿಯ ಕರಿಚಿರತೆ ಒಂಟಿಯಾಗಿಯೇ ಅಂತರರಾಷ್ಟ್ರೀಯ ತಾರೆಯಾಯಿತು. 2022ರಲ್ಲಿ ಪುನೀತ್ ರಾಜ್‌ಕುಮಾರ್ ಕಾಡು ಸುತ್ತುವ ಹೊಸ 'ಗಂಧದ ಗುಡಿ' ಬಂತು. 2023ರ ಏಪ್ರಿಲ್ 9ರಂದು ಪ್ರಧಾನಿ ಬಂಡೀಪುರದಲ್ಲಿ ಸಫಾರಿ ಮಾಡಿ, ಮೈಸೂರಿನಲ್ಲಿ ಹುಲಿಗಳ ಹೊಸ ಸಂಖ್ಯೆ ಬಿಡುಗಡೆ ಮಾಡಿದರು. ಗಣತಿಯೇ ಒಂದು ಜಾತ್ರೆಯಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸಂಖ್ಯೆ ಸರ್ಕಾರ ನಾಲ್ಕು ವರ್ಷಕ್ಕೊಮ್ಮೆ ಮಾಡುವ ಎಣಿಕೆಯದು. ಅದರಲ್ಲಿ ಯಾವ ರೆಸಾರ್ಟಿನ ಪಾಲೆಷ್ಟು, ಯಾವ ಟೀ ಪುಡಿಯ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಬಿಡಿಸಲು ಬಾರದ್ದರಿಂದಲೇ ಯಾರು ಬೇಕಾದರೂ 'ನಾವು ಉಳಿಸಿದೆವು' ಎನ್ನಬಹುದು. ಕಂಪನಿ ಕಾಯ್ದೆಯಡಿ 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾಯಿತು. ಪ್ರಾಣಿ, ಸಸ್ಯಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಅದಾದ ಮೇಲೆ ಕಾಡಂಚಿನ ಫಲಕಗಳ ಮೇಲೆ ಲೋಗೊಗಳು ಹೆಚ್ಚಿದವು. ಲೋಗೊ ದೊಡ್ಡದು, ಮಾಡಿದ ಕೆಲಸದ ವಿವರ ಚಿಕ್ಕದು.

ಹೊರಗಿನ ಪ್ರಯೋಗಗಳಲ್ಲಿ ಎರಡು ನನಗೆ ನೆನಪಿನಲ್ಲಿ ಉಳಿದಿವೆ, ಎರಡೂ 2018ರವು. ಫ್ರಾನ್ಸಿನ ಲಾಕೋಸ್ಟ್ ತನ್ನ ಮೊಸಳೆಯನ್ನು ತೆಗೆದು ಹತ್ತು ವಿನಾಶದಂಚಿನ ಪ್ರಾಣಿಗಳನ್ನು ಅಂಗಿಯ ಮೇಲೆ ಹೊಲಿಯಿತು. ಯಾವ ಪ್ರಾಣಿ ಎಷ್ಟು ಉಳಿದಿದೆಯೋ ಅಷ್ಟೇ ಅಂಗಿ. ವಕೀಟಾ ಎಂಬ ಪುಟ್ಟ ಕಡಲಜೀವಿಗೆ ಮೂವತ್ತು, ಒಟ್ಟು 1775. ಇನ್ನೊಂದು, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಮಾರ್ಸ್ ಕಂಪನಿ ಸೇರಿ ಆರಂಭಿಸಿದ 'ಲಯನ್ಸ್ ಶೇರ್' ನಿಧಿ. ಜಾಹೀರಾತಿನಲ್ಲಿ ಪ್ರಾಣಿ ಕಂಡರೆ, ಅದನ್ನು ಪ್ರಸಾರ ಮಾಡುವ ಖರ್ಚಿನ ಶೇ 0.5 ನಿಧಿಗೆ. ನಟನಿಗೆ ಸಂಭಾವನೆ ಉಂಟು, ಹುಲಿಗೆ ಏಕಿಲ್ಲ ಎಂಬ ತರ್ಕ. ಸಂಭಾವನೆ ಸಣ್ಣದೇ, ಆದರೆ ಲೆಕ್ಕ ಸ್ಪಷ್ಟ. ಅದೇ ವರ್ಷ ಫ್ರಾಂಕ್ ಕೂರ್ಶಾಂ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ಎಲ್ಲೆಲ್ಲೂ ಬೊಂಬೆ, ಚಿತ್ರ ಕಂಡು ಕಂಡು ಈ ಪ್ರಾಣಿಗಳು ಬೇಕಾದಷ್ಟಿವೆ ಎಂದು ಜನ ನಂಬಿಬಿಡುತ್ತಾರೆ ಎಂದು ಬರೆದರು. ಫ್ರಾನ್ಸಿನಲ್ಲಿ ವರ್ಷಕ್ಕೆ ಮಾರಾಟವಾಗುವ ರಬ್ಬರ್ ಜಿರಾಫೆಗಳು ಆಫ್ರಿಕಾದ ಜಿರಾಫೆಗಳಿಗಿಂತ ಹೆಚ್ಚು ಎಂಬುದು ಅವರ ಉದಾಹರಣೆ.

ನಮ್ಮ ಕಡೆಯ ಉದಾಹರಣೆ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಬಿಆರ್‌ಟಿಎಸ್ ಬಸ್ಸಿಗೆ ಆ ಹೆಸರಿಟ್ಟವರು ಪುಣ್ಯವಂತರು. ಮಂದಿ ಬಾಯಲ್ಲಿರುವ ಶಬ್ದ, ಓಟದ ಪ್ರಾಣಿ, ಬಸ್ಸಿನ ಗುಣಕ್ಕೆ ಒಪ್ಪುವ ಮಾತು. ಚಿಗರಿಯನ್ನು ಉಳಿಸಿದ ಕತೆ ಮಾತ್ರ ಬಸ್ಸು ಹತ್ತಲಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿ ಚಿಗರಿ ನಿಂತಿತು. ಅದೇ ಬಯಲಿನ ಎರ್ಲಡ್ಡು ಹಕ್ಕಿ ಇಲ್ಲವಾಯಿತು, ಈಗ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಹುಲ್ಲುಗಾವಲಿಗೆ ನೀಲಗಿರಿ ನೆಟ್ಟು ಹಸಿರು ಮಾಡಿದೆವು ಎಂದುಕೊಂಡದ್ದರ ಫಲವೂ ಅದರಲ್ಲಿದೆ. ಗೆಲುವಿನ ಕತೆಯ ಮಗ್ಗುಲಲ್ಲೇ ಸೋಲು ಮಲಗಿರುತ್ತದೆ. ಜಾಹೀರಾತು ಅದರ ಮೇಲೆ ಕಂಬಳಿ ಹೊದಿಸುತ್ತದೆ.

ಇತ್ತೀಚಿನ ಹಂತದಲ್ಲಿ ನನಗೆ ತುಸು ಭರವಸೆ ಇದೆ, ಏಕೆಂದರೆ ಅಲ್ಲಿ ಸರಕಿಗೂ ಪ್ರಾಣಿಗೂ ನಿಜವಾದ ನಂಟು ಇದೆ. ಅರ್ಶಿಯಾ ಬೋಸ್ ಬೆಂಗಳೂರಿನಲ್ಲಿ ಕಟ್ಟಿದ ಬ್ಲ್ಯಾಕ್ ಬಾಜಾ ಎಂಬ ಕಾಫಿ ಕಂಪನಿಯ ಹೆಸರು ಒಂದು ಬೇಟೆಹಕ್ಕಿಯದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿದಂತೆ ಬೆಳೆಗಾರರಿಂದ ಕಾಫಿ ಕೊಳ್ಳುವಾಗ ಅಲ್ಲಿಯದೇ ಜಾತಿಯ ನೆರಳಿನ ಮರ ಉಳಿಸುವುದೂ ವ್ಯವಹಾರದ ಭಾಗ. ಗಿರಾಕಿ ಹೋಗಿ ತೋಟ ನೋಡಬಹುದು, ಮರ ಎಣಿಸಬಹುದು. ಅಸ್ಸಾಮಿನಲ್ಲಿ ಪೂರ್ಣಿಮಾ ದೇವಿ ಬರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹರ್ಗಿಲಾ ಎಂಬ ಬೋಳುತಲೆಯ ದೊಡ್ಡ ಕೊಕ್ಕರೆ ಅಪಶಕುನವೆಂದು ಗೂಡಿನ ಮರ ಕಡಿಯುತ್ತಿದ್ದ ಊರಿನ ಹೆಂಗಸರೇ ಈಗ ಗಮೋಸಾ, ಸೀರೆಗಳ ಮೇಲೆ ಅದನ್ನು ನೇಯ್ದು ಮಾರುತ್ತಾರೆ. ಅಲ್ಲಿ ಬ್ರ್ಯಾಂಡಿನ ಒಡತಿಯೂ ಗೂಡಿನ ನೆರೆಯವಳೂ ಒಬ್ಬಳೇ.

ನಿಯಮಗಳೂ ಬಂದಿವೆ. ಜಾಹೀರಾತು ಮಂಡಳಿ 2024ರ ಫೆಬ್ರುವರಿಯಿಂದ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದೇ ವರ್ಷದ ಅಕ್ಟೋಬರಿನಿಂದ, ಪರಿಸರದ ಹೆಸರಿನಲ್ಲಿ ಆಡುವ ಮಾತಿಗೆ ಆಧಾರ ಕೇಳುತ್ತಿವೆ. ಆದರೆ ಮಾರುಕಟ್ಟೆಗೆ ದೊಡ್ಡ ಪೆಟ್ಟು ಬಿದ್ದದ್ದು ಕಾಡಂಚಿನಿಂದಲೇ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷವುಂಡು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತವು. ಮೈಸೂರು ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು ರೈತರು ಹುಲಿಗೆ ಬಲಿಯಾದ ಮೇಲೆ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಲಾಯಿತು. ಆದೇಶ ಕೊಟ್ಟ ಅರಣ್ಯ ಸಚಿವ ಈಶ್ವರ ಖಂಡ್ರೆ ನಮ್ಮ ಭಾಲ್ಕಿಯವರು. 563 ಎಂಬ ಅಂಕಿಯ ಜೊತೆ ಬದುಕುವುದೆಂದರೇನು ಎಂದು ಸಫಾರಿಯ ಅತಿಥಿಗೆ ಗೊತ್ತಾದದ್ದು ಬುಕಿಂಗ್ ರದ್ದಾದಾಗ.

ಹುಮನಾಬಾದ್, ಬಸವಕಲ್ಯಾಣದ ಕಡೆ ಸಫಾರಿಯೂ ಇಲ್ಲ, ರೆಸಾರ್ಟೂ ಇಲ್ಲ. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಹೋಗುವವರು ಚಹಾಕ್ಕೆ ನಿಲ್ಲುತ್ತಾರೆ, ಅಷ್ಟೆ. ಊರ ಹೆಸರಿನ ಸರಕಿಗೆ ಸಿಗುವ ಜಿಐ ಗುರುತು ಬಿದರಿ ಕಲೆಗೆ ಬಂದಿದೆ. ಪಕ್ಕದ ಕಲಬುರಗಿಯ ತೊಗರಿಗೂ 2019ರಲ್ಲಿ ಬಂತು. ಚಿಗರಿ ಮೇಯ್ದು ಉಳಿದ ಹೊಲದ ತೊಗರಿ ಎಂದು ಬೇಳೆ ಮಾರಿದರೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ ಎಂದು ನನ್ನ ನಂಬಿಕೆ. ಸದ್ಯಕ್ಕೆ ರೈತನಿಗಿರುವುದು ಬೆಳೆಹಾನಿ ಪರಿಹಾರದ ಅರ್ಜಿ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೊತೆ ಹೊಲದ ಫೋಟೊ ಹಚ್ಚಬೇಕು. ಬೆಳಗಾದ ಮೇಲೆ ತೆಗೆದ ಆ ಫೋಟೊದಲ್ಲಿ ಚಿವುಟಿದ ಸೋಯಾ ಇರುತ್ತದೆ, ಹಸಿ ಮಣ್ಣಿನಲ್ಲಿ ಗೊರಸಿನ ಗುರುತಿರುತ್ತದೆ. ಚಿಗರಿ ನಸುಕಿನಲ್ಲೇ ಹೋಗಿರುತ್ತದೆ.