ಸಜಾತಿ ಪದಗಳು

ಬೀಜೋಕ್ತಿಯೊಂದರಲ್ಲಿ ಒಂದೇ ಚರಾಕ್ಷರಗಳನ್ನು ಹೊಂದಿದ್ದು, ಆ ಚರಾಕ್ಷರಗಳ ಘಾತಾಂಕಗಳೂ ಸಮನಾಗಿರುವ ಪದಗಳನ್ನು ಸಜಾತಿ ಪದಗಳು ಎನ್ನುತ್ತಾರೆ. ಉಳಿದವು ವಿಜಾತಿ ಪದಗಳು. ಸಜಾತಿ ಪದಗಳನ್ನು ಒಂದೇ ಪದವಾಗಿ ಕೂಡಿಸಿ ಬೀಜೋಕ್ತಿಯನ್ನು ಸಂಕ್ಷೇಪಿಸಬಹುದು. ವಿಜಾತಿ ಪದಗಳನ್ನು ಹಾಗೆ ಕೂಡಿಸಲಾಗದು.

ಗುರುತಿಸುವ ಕ್ರಮ

ಪದದ ಸಂಖ್ಯಾಭಾಗವಾದ ಸಹಗುಣಕವನ್ನು ಬಿಟ್ಟು, ಅಕ್ಷರಭಾಗವನ್ನು ಮಾತ್ರ ಹೋಲಿಸಬೇಕು. 4ಅ ಮತ್ತು −7ಅ ಸಜಾತಿ ಪದಗಳು. ಗುಣಾಕಾರದಲ್ಲಿ ಕ್ರಮ ಬದಲಾದರೂ ಬೆಲೆ ಬದಲಾಗದ ಕಾರಣ 2ಅಬ ಮತ್ತು 5ಬಅ ಸಹ ಸಜಾತಿ ಪದಗಳೇ. ಆದರೆ 3ಅ ಮತ್ತು 3ಅ² ವಿಜಾತಿ ಪದಗಳು. ಚರಾಕ್ಷರವಿಲ್ಲದ ಸ್ಥಿರಾಂಕಗಳೆಲ್ಲವೂ ಪರಸ್ಪರ ಸಜಾತಿ.

ಆಧಾರ ನಿಯಮ

ಈ ಕ್ರಿಯೆಗೆ ವಿಭಾಜಕ ನಿಯಮವೇ ಆಧಾರ: 3ಅ + 2ಅ = (3 + 2)ಅ = 5ಅ. ಇಲ್ಲಿ ಅ ಎರಡೂ ಪದಗಳಿಗೆ ಸಾಮಾನ್ಯವಾಗಿರುವುದರಿಂದ ಅದನ್ನು ಹೊರತೆಗೆಯಲು ಸಾಧ್ಯವಾಯಿತು. 3ಅ + 2ಬ ಎಂಬಲ್ಲಿ ಅಂತಹ ಸಾಮಾನ್ಯ ಅಕ್ಷರವಿಲ್ಲ. ಆದ್ದರಿಂದ ಅದು ಅಪೂರ್ಣ ಉತ್ತರವಲ್ಲ, ಅದೇ ಅಂತಿಮ ರೂಪ.

ಉದಾಹರಣೆ

7ಅ² + 4ಬ − 3ಅ + 2ಅ² − 9ಬ + 5 + 8ಅ
= (7 + 2)ಅ² + (−3 + 8)ಅ + (4 − 9)ಬ + 5
= 9ಅ² + 5ಅ − 5ಬ + 5

ಪದಗಳನ್ನು ಸ್ಥಳಾಂತರಿಸುವಾಗ ಅವುಗಳ ಹಿಂದಿನ ಚಿಹ್ನೆಯನ್ನೂ ಜೊತೆಗೆ ಒಯ್ಯಬೇಕು. ಆವರಣದ ಹಿಂದೆ ಋಣ ಚಿಹ್ನೆಯಿದ್ದರೆ ಒಳಗಿನ ಪ್ರತಿ ಪದದ ಚಿಹ್ನೆಯೂ ಬದಲಾಗುತ್ತದೆ: 6ಅ − (2ಅ − 5) = 4ಅ + 5.

ಸಾಮಾನ್ಯ ದೋಷ ಮತ್ತು ತಾಳೆ

3ಅ + 2ಬ = 5ಅಬ ಎಂದು ಬರೆಯುವುದು ವಿದ್ಯಾರ್ಥಿಗಳಲ್ಲಿ ಆಗಾಗ ಕಂಡುಬರುವ ತಪ್ಪು. ಬೆಲೆಗಳನ್ನು ಆದೇಶಿಸಿ ಇದನ್ನು ಪರೀಕ್ಷಿಸಬಹುದು. ಅ = 2, ಬ = 3 ಆದಾಗ ಎಡಭಾಗ 12, ಬಲಭಾಗ 30. ಆದರೆ ಅ = 1, ಬ = 1 ಎಂದು ತೆಗೆದುಕೊಂಡರೆ ಎರಡೂ 5 ಆಗಿ ತಪ್ಪು ಮರೆಯಾಗುತ್ತದೆ. ಆದುದರಿಂದ ತಾಳೆ ನೋಡಲು 0 ಮತ್ತು 1ನ್ನು ಬಳಸದಿರುವುದು ಉತ್ತಮ.

ಇತಿಹಾಸ

ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ, ತುಲ್ಯವಾದ ಅವ್ಯಕ್ತಗಳನ್ನು ಕೂಡಿಸಿ ಕಳೆಯಬೇಕೆಂದೂ ಅತುಲ್ಯವಾದವುಗಳನ್ನು ಬೇರೆಯಾಗಿ ಇಡಬೇಕೆಂದೂ ಹೇಳಿದೆ. 1114ರಲ್ಲಿ ಜನಿಸಿದ ಎರಡನೆಯ ಭಾಸ್ಕರನು ತನ್ನ ಬೀಜಗಣಿತ ಗ್ರಂಥದಲ್ಲಿ ಇದೇ ನಿಯಮವನ್ನು ‘ಸಮಾನಜಾತಿ’ ಎಂಬ ಪದ ಬಳಸಿ ನಿರೂಪಿಸಿದ್ದಾನೆ. ಕನ್ನಡ ಪಠ್ಯಪುಸ್ತಕಗಳ ‘ಸಜಾತಿ’ ಎಂಬ ಪದದ ಅರ್ಥವೂ ಇದೇ. ಭಾಸ್ಕರನ ಊರಾದ ವಿಜ್ಜಡವಿಡವನ್ನು ಕೆಲವು ವಿದ್ವಾಂಸರು ಇಂದಿನ ವಿಜಯಪುರವೆಂದು ಗುರುತಿಸಿದರೆ, ಇನ್ನು ಕೆಲವರು ಅದು ಮಹಾರಾಷ್ಟ್ರದಲ್ಲಿತ್ತೆಂದು ಅಭಿಪ್ರಾಯಪಡುತ್ತಾರೆ.

ಅವನು ಮೊದಲ ಅವ್ಯಕ್ತವನ್ನು ಯಾವತ್ತಾವತ್ ಎಂದೂ ಮುಂದಿನವುಗಳನ್ನು ಕಾಲಕ, ನೀಲಕ, ಪೀತಕ ಮುಂತಾದ ಬಣ್ಣದ ಹೆಸರುಗಳಿಂದಲೂ ಕರೆದು, ಯಾ, ಕಾ, ನೀ, ಪೀ ಎಂಬ ಮೊದಲಕ್ಷರಗಳಿಂದ ಸೂಚಿಸಿದನು. ಸ್ಥಿರಾಂಕಕ್ಕೆ ರೂಪ ಎಂಬುದರ ‘ರೂ’ ಬಳಕೆಯಲ್ಲಿತ್ತು. ಈ ಪದ್ಧತಿಯಲ್ಲಿ 3ಅ + 2ಬ + 5 ಎಂಬುದು ‘ಯಾ 3 ಕಾ 2 ರೂ 5’ ಎಂದಾಗುತ್ತದೆ. ಸಂಕಲನ ಚಿಹ್ನೆಯಿಲ್ಲದೆ ಪಕ್ಕಪಕ್ಕದಲ್ಲಿ ಬರೆದ ಈ ವಿಜಾತಿ ಪದಗಳೇ ಒಟ್ಟು ಮೊತ್ತವನ್ನು ಸೂಚಿಸುತ್ತಿದ್ದವು.